ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು

ತುಮಕೂರು
2 ಡಿಸೆಂಬರ್ 2024

ತಾತನಿಗೆ ಸಂಧ್ಯಾಳ ನಮಸ್ಕಾರ.

ಎದುರಿಗೆ ಕೂತವರಿಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಬೆಂಚಿನ ಮೇಲೆ ನೀವು ಹತ್ತಿ ಕಚ್ಚಿಕೊಂಡು ಗೋಡೆಯ ಮೇಲಿನ ದವಡೆಯ ಪಟ ನೋಡುತ್ತಿದ್ದೀರಿ. ನೀವು ಮಾತಾಡಬಾರದು ಅಂದಿದ್ದಾರೆ. ನಾನು ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ. ಕೂಗಿ ಹೇಳೋಣವೆಂದರೆ ಇಲ್ಲಿ ಇನ್ನೂ ಆರೇಳು ಜನ ಕೆನ್ನೆ ಹಿಡಿದುಕೊಂಡು ಕೂತಿದ್ದಾರೆ, ನನಗೆ ನಾಚಿಕೆ. ಅದಕ್ಕೇ ನಮ್ಮ ಪ್ರೆಸ್ಸಿನ ಕರಡು ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ರಂಗನಾಥ್ ಮಾವ ಮಾತ್ರೆ ತಗೊಂಡು ಬಂದ ಕೂಡಲೇ ಅವರ ಜೇಬಿಗೆ ಹಾಕುತ್ತೇನೆ. ಗುಬ್ಬಿಗೆ ಹೋಗಿ ಕನ್ನಡಕ ಹಾಕಿಕೊಂಡು ಓದಿ.

ಇಲ್ಲಿ ಕೊಟ್ಟ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ಅದರಲ್ಲಿರುವುದು ಇಷ್ಟು. ಹತ್ತಿಯನ್ನು ಇನ್ನು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ತೆಗೆದು ತೆಗೆದು ನೋಡಬಾರದು. ಇವತ್ತೆಲ್ಲ ಉಗುಳಬಾರದು, ಬಾಯಿ ಮುಕಳಿಸಬಾರದು. ಎಂಜಲು ಬಂದರೆ ನುಂಗಿಬಿಡಿ. ಸ್ವಲ್ಪ ರಕ್ತದ ರುಚಿ ಬಂದರೆ ಹೆದರಬೇಡಿ. ಕಾಫಿ ಆರಿಸಿ ಕುಡಿಯಿರಿ. ಅಂಬಲಿ, ಮೊಸರನ್ನದಂಥ ಮೆತ್ತಗಿನದು ಆಗಬಹುದು, ಆದರೆ ಎಡಗಡೆ ಅಗಿಯಬೇಡಿ. ಎಳನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿಯಬೇಕು, ಸ್ಟ್ರಾ ಹಾಕಿ ಹೀರಬಾರದು. ಎಲೆ ಅಡಿಕೆ, ಹೊಗೆಸೊಪ್ಪಿನ ಮಾತೇ ಬೇಡ. ನಾಳೆಯಿಂದ ಊಟ ಆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಿಗೆ ತುಂಬಿಕೊಂಡು, ಗುಳುಗುಳು ಅನ್ನಿಸದೆ, ತಲೆ ವಾಲಿಸಿ ಚೆಲ್ಲಬೇಕು. ಮಲಗುವಾಗ ಎರಡು ದಿಂಬು ಇಟ್ಟುಕೊಳ್ಳಿ. ಇದಕ್ಕೆಲ್ಲ ಕಾರಣ ಒಂದೇ. ಹಲ್ಲಿದ್ದ ಗುಳಿಯಲ್ಲಿ ರಕ್ತ ಗಟ್ಟಿಯಾಗಿ ಕೂರಬೇಕಂತೆ. ಡಾಕ್ಟರು ಅದಕ್ಕೆ ಕ್ಲಾಟ್ ಅಂದರು. ಅದು ಕಿತ್ತುಬಂದರೆ ಸಹಿಸಲಾಗದ ನೋವಂತೆ.

ನೀವು ಡಾಕ್ಟರ ಮುಂದೆ ಕೈ ಚಾಚಿ ಹಲ್ಲನ್ನು ಇಸಕೊಂಡು ಕರ್ಚೀಫಿನಲ್ಲಿ ಕಟ್ಟಿದ್ದು ನೋಡಿದೆ. ನನ್ನ ಮೊದಲ ಹಾಲುಹಲ್ಲು ಬಿದ್ದಾಗ ಅಜ್ಜಿ ಅದನ್ನು ಸಗಣಿ ಉಂಡೆಯೊಳಗಿಟ್ಟು ಸೂರಿನ ಮೇಲೆ ಎಸೆ ಅಂದಿದ್ದಳು. ನಾನು ಎಸೆದದ್ದು ಸೂರು ಮುಟ್ಟದೆ, ಅಂಚೆ ಚೀಲ ನೇತುಹಾಕಿದ್ದ ನಿಮ್ಮ ಸೈಕಲ್ಲಿನ ಮೇಲೆ ಬಿತ್ತು. “ಹೋಯ್ತು ಬುಡು, ಇವಳ ಹಲ್ಲು ಪೋಸ್ಟಲ್ಲಿ ಹೋಯ್ತು. ಹೊಸಾದು ಬರಾದು ತಡ ಆಯ್ತದೆ” ಅಂತ ಅಜ್ಜಿ ನಕ್ಕಿದ್ದಳು. ನಿಜವಾಗಿಯೂ ತಡವಾಗಿ ಬಂತು.

ಮಾವ ಬಂದರು. ನಿಮ್ಮ ಮುಖ ಬಹಳ ಸಪ್ಪಗಿದೆ. ಮರಗಟ್ಟಿದ್ದು ಇಳಿದ ಮೇಲೆ ನೋಯುತ್ತದೆ, ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮೊಮ್ಮಗಳು
ಸಂಧ್ಯಾ


ಗುಬ್ಬಿ
5 ಡಿಸೆಂಬರ್ 2024

ಚಿ. ಸಂಧ್ಯಾಳಿಗೆ ತಾತನ ಆಶೀರ್ವಾದ.

ಇತ್ತ ಒಂದು ಹಲ್ಲಿನ ಹೊರತು ಎಲ್ಲರೂ ಕ್ಷೇಮ.

ಮೊದಲನೆಯದಾಗಿ, ಕಾಗದವನ್ನು ಯಾರದೋ ಜೇಬಿಗೆ ತುರುಕುವುದು ಅಂಚೆಯಲ್ಲ. ಆಯುಸ್ಸೆಲ್ಲ ಪೋಸ್ಟ್ ಮಾಸ್ಟರಾಗಿದ್ದವನಿಗೆ ಅದು ಅವಮಾನ. ಮುಂದಿನದನ್ನು ಸ್ಟಾಂಪು ಅಂಟಿಸಿ ಕಳಿಸು. ಎರಡನೆಯದಾಗಿ, ‘ಮುಕ್ಕಳಿಸು’ ಎಂಬುದಕ್ಕೆ ಒತ್ತು ಬಿಟ್ಟಿದ್ದೀಯೆ. ಕರಡು ತಿದ್ದಿ ಸಂಬಳ ತೆಗೆದುಕೊಳ್ಳುವವಳು ನೀನು.

ನಿನ್ನ ಕಾಗದವನ್ನು ನೇತ್ರಾವತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಇಷ್ಟು ವರ್ಷ ಸೊಸೆಯಾಗಿದ್ದವಳು ಈಗ ಇನ್ಸ್‌ಪೆಕ್ಟರಾಗಿದ್ದಾಳೆ. ನನ್ನ ಎಲೆ ಅಡಿಕೆ ಚೀಲ ಬೀರುವಿನಲ್ಲಿದೆ, ಬೀಗದ ಕೈ ಅವಳ ಸೊಂಟದಲ್ಲಿ. ನಿನ್ನೆ ಪಕ್ಕದ ಮನೆಯ ಗಂಗಹನುಮಯ್ಯ ಬಂದು ಕಿವಿಯ ಹತ್ತಿರ ಕೂಗಿದ. “ಏನ್ ಪೋಸ್ಟ್ ಮಾಸ್ಟ್ರೇ, ಒಂದ್ ಹಲ್ಲಿಗೆ ಮೌನವ್ರತ ಹಿಡ್ದ್ಬುಟ್ರಲ್ಲ. ಮುದ್ದೆ ನುಂಗಾಕೆ ಹಲ್ಯಾಕೆ ಬೇಕು?” ನಾನು ಪೇಪರಿನ ಅಂಚಿನಲ್ಲಿ ‘ಸಾರು ಉರಿಯುತ್ತೆ’ ಎಂದು ಬರೆದು ತೋರಿಸಿದೆ. ಅವನು ಕನ್ನಡಕ ತಂದಿರಲಿಲ್ಲ. ಹೀಗಾಗಿ ನಮ್ಮಿಬ್ಬರ ಸಂಭಾಷಣೆ ಮುಗಿಯಿತು.

ಹಲ್ಲನ್ನು ಏನು ಮಾಡಿದಿರಿ ಎಂದು ನೀನು ಕೇಳುವವಳೇ. ಈಗ ನಮಗೆ ಸೂರೆಲ್ಲಿದೆ? ಸಗಣಿಯಿಲ್ಲದೆ ಬರಿದೇ ತಾರಸಿಯ ಮೇಲೆ ಎಸೆದೆ. ಬೆಳಗ್ಗೆ ತಾರಸಿ ಗುಡಿಸಲು ಹೋದ ನೇತ್ರಾವತಿ ಪೊರಕೆ ಬಿಟ್ಟು ಇಳಿದು ಬಂದಳು. “ಮೇಲೆ ಯಾರ್ದೋ ಹಲ್ಲು ಬಿದ್ದೈತೆ, ಯಾರೋ ಮಾಟ ಮಾಡ್ಸವ್ರೆ.” ನನ್ನದೇ ಎಂದು ಒಪ್ಪಿಕೊಳ್ಳಲು ಅರ್ಧ ದಿನ ತೆಗೆದುಕೊಂಡೆ.

ಊಟ ಚೆನ್ನಾಗಿಯೇ ಸಾಗುತ್ತಿದೆ, ಚಿಂತಿಸಬೇಡ. ಒಂದೇ ತೊಂದರೆ. ನಾಲಿಗೆ ಸುಮ್ಮನಿರುವುದಿಲ್ಲ. ಇರುವ ಹಲ್ಲುಗಳನ್ನೆಲ್ಲ ಬಿಟ್ಟು, ಇಲ್ಲದ ಕಡೆಗೇ ಹೋಗಿ ಹೋಗಿ ನೋಡಿ ಬರುತ್ತದೆ.

ಇಂತು
ಚಿಕ್ಕರಂಗಯ್ಯ

ಸಂಧ್ಯಾ, ನಾನು ನೇತ್ರಾವತಿ ಅತ್ತೆ. ಕವರು ಅಂಟಿಸೋ ಮುಂಚೆ ಎರಡು ಸಾಲು ಬರೀತಿದೀನಿ. ಊಟದ ವಿಷಯ ನಿಮ್ಮ ತಾತ ಸುಳ್ಳು ಬರೆದಿದ್ದಾರೆ. ಬರೀ ಆರಿದ ಕಾಫಿ, ಅದರಲ್ಲಿ ಅದ್ದಿದ ಬಿಸ್ಕತ್ತು. ಅನ್ನ ಕಲೆಸಿಕೊಟ್ಟರೆ ತಟ್ಟೆ ಮುಂದೆ ಕೂತು ಎದ್ದು ಹೋಗ್ತಾರೆ. ನೋವಾ ಅಂದರೆ ಇಲ್ಲ ಅಂತಾರೆ. ನಿನ್ನ ಮಾತು ಕೇಳ್ತಾರೆ, ನೀನೇ ಕೇಳು.


ತುಮಕೂರು
9 ಡಿಸೆಂಬರ್ 2024

ತಾತ,

ಕಾರ್ಡಿನಲ್ಲಿ ಜಾಗ ಕಡಿಮೆ, ಅದಕ್ಕೆ ನೇರವಾಗಿ ಕೇಳುತ್ತೇನೆ. ಹೆಪ್ಪು ಹೇಗಿದೆ? ಹೋಗಿಬಿಟ್ಟಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ನೀವು ಊಟ ಬಿಟ್ಟಿರುವುದಕ್ಕೆ ಅದೇ ಕಾರಣ ಅಂತ ನನಗೆ ಅನುಮಾನ. ಹೋಗಿದ್ದರೂ ನಿಮ್ಮ ತಪ್ಪೇನಿಲ್ಲ, ಎಷ್ಟೋ ಜನಕ್ಕೆ ಹೋಗುತ್ತದೆ. ಆದರೆ ಒಬ್ಬರೇ ಹಲ್ಲು ಕಚ್ಚಿಕೊಂಡು ಇರಬೇಡಿ. ಕೂಡಲೇ ಬರೆಯಿರಿ. ಈ ಸಲ ಸ್ಟಾಂಪಿನ ಕಾರ್ಡೇ ಹಾಕಿದ್ದೇನೆ.

ಸಂಧ್ಯಾ


ಗುಬ್ಬಿ
12 ಡಿಸೆಂಬರ್ 2024

ಚಿ. ಸಂಧ್ಯಾ,

ನಿನ್ನ ಕಾರ್ಡು ಬಂತು. ಅಲ್ಲೇ ಬಾಗಿಲಲ್ಲಿ ನಿಂತು ಓದಿ, ಒಳಗೆ ಹೋಗಿ ಕೂತೆ. ಹೆಪ್ಪು ಹೋದ ವಿಷಯ ನಿನಗೆ ಯಾರು ಹೇಳಿದರು? ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರಾತ್ರಿ ಬರಿಯ ಕುಡಿಕೆಯ ಮೇಲೆ ತಟ್ಟೆ ಮುಚ್ಚಿ ನನ್ನ ಮೂಲೆಯಲ್ಲಿ ಇಡುತ್ತೇನೆ. ಬೆಳಗ್ಗೆ ತೊಳೆದು ಬೋರಲು ಹಾಕುತ್ತೇನೆ. ನೇತ್ರಾವತಿ ತಮಗೆಲ್ಲ ಪ್ಯಾಕೆಟ್ ಮೊಸರು ತರುತ್ತಾಳೆ, ನನ್ನ ಕುಡಿಕೆ ಮುಟ್ಟುವುದಿಲ್ಲ.

ಹೌದು, ಹೋಯಿತು. ನಿಮ್ಮ ಅಜ್ಜಿಯ ಹೆಪ್ಪು. ದೊಡ್ಡಗಂಗಮ್ಮ ಮದುವೆಯಾಗಿ ಕುಣಿಗಲ್ಲಿನಿಂದ ಬರುವಾಗ ತೌರಿನ ಹೆಪ್ಪನ್ನು ಹಿತ್ತಾಳೆ ಡಬ್ಬಿಯಲ್ಲಿ ತಂದಿದ್ದಳು. ಅಂದಿನಿಂದ ಈ ಮನೆಯ ಮೊಸರೆಲ್ಲ ಅದರಿಂದಲೇ, ಇವತ್ತಿನದರಿಂದ ನಾಳೆಯದು, ನಾಳೆಯದರಿಂದ ನಾಡಿದ್ದಿನದು. ಅವಳು ಹೋದ ಮೇಲೆ ಈ ಒಂದೂವರೆ ವರ್ಷ ನಾನೇ ಹಾಲು ಕಾಯಿಸಿ, ಕಿರುಬೆರಳಿಟ್ಟು ಬಿಸಿ ನೋಡಿ, ಹೆಪ್ಪು ಹಾಕುತ್ತಿದ್ದೆ. ಅವಳದರಷ್ಟು ಗಟ್ಟಿಯಾಗುತ್ತಿರಲಿಲ್ಲ. ಆದರೆ ಕಣ್ಣು ಮುಚ್ಚಿ ತಿಂದರೆ ರುಚಿ ಅವಳದೇ.

ಹಲ್ಲು ಕೀಳಿಸುವ ಹಿಂದಿನ ರಾತ್ರಿ ನೋವು ತಡೆಯಲಾಗಲಿಲ್ಲ. ಏನನ್ನೂ ಅಗಿಯಲಾಗದೆ, ಅನ್ನಕ್ಕೆ ಮೊಸರು ಸುರಿದುಕೊಂಡು ನುಂಗಿದೆ. ಕುಡಿಕೆಯನ್ನು ಬೆರಳಲ್ಲಿ ಬಳಿದೆ. ನೋವಿನ ಮಂಕಿನಲ್ಲಿ ತೊಳೆದೂ ಇಟ್ಟೆ. ಬೆಳಗ್ಗೆ ಬಸ್ಸು ಮಲ್ಲಸಂದ್ರ ದಾಟುವಾಗ ನೆನಪಾಯಿತು. “ಬಳೀಬ್ಯಾಡಿ, ನಾಳೀಕೆ ಒಂದ್ ಚಮಚ ಬುಡಿ” ಎಂದು ಅವಳು ದಿನಾ ಹೇಳುತ್ತಿದ್ದಳು. ಅವಳಿದ್ದಾಗ ಅದು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಆ ಬೆಂಚಿನ ಮೇಲೆ ಕೂತಾಗ ಸ್ಪಷ್ಟವಾಗಿ ಕೇಳಿಸಿತು.

ಬೇರೆ ಮೊಸರು ನನಗೆ ಇಳಿಯುವುದಿಲ್ಲ. ಹಟವಲ್ಲ, ಎರಡು ಸಲ ಬಾಯಿಗಿಟ್ಟು ನೋಡಿದೆ.

ಒಂದು ಮಾತು ಕೊಡು. ನಿನ್ನ ಚಿಕ್ಕಜ್ಜಿ, ನಿಮ್ಮಜ್ಜಿಯ ತಂಗಿ ಹೊಂಬಾಳಮ್ಮನಿಗೆ ಇದು ತಿಳಿಯಕೂಡದು. ಕುಣಿಗಲ್ಲಿನಲ್ಲಿ ಅವಳ ಬಳಿ ಅದೇ ಹೆಪ್ಪು ಇದೆಯೆಂದು ನನಗೆ ಗೊತ್ತು. ಆದರೆ ತಿಥಿಯ ದಿನ ಎಲ್ಲರೆದುರು ಅವಳು ಅಂದದ್ದು ನಿನಗೂ ನೆನಪಿರಬೇಕು. “ನಮ್ಮಕ್ಕ ಇರಾಗಂಟ ಒಂದ್ ಲೋಟ ನೀರು ಬಗ್ಗಿಸ್ಕೊಂಡು ಕುಡ್ದೋರಲ್ಲ ನೀವು, ಭಾವ. ಇನ್ನು ಅವಳ ಹೆಪ್ಪ ಒಂದ್ ತಿಂಗಳು ಉಳಿಸ್ಕಳಿ, ನೋಡಾನ.” ಆ ಒಂದು ಮಾತಿಗಾಗಿಯೇ ನಾನು ಮಾರನೆಯ ದಿನ ಒಲೆಯ ಮುಂದೆ ನಿಂತದ್ದು. ಅವಳ ಮಾತೇ ಗೆದ್ದಿತು ಎಂದು ಅವಳಿಗೆ ತಿಳಿಯುವುದು ಬೇಡ.

ಚಿಕ್ಕರಂಗಯ್ಯ


ತುಮಕೂರು
16 ಡಿಸೆಂಬರ್ 2024

ತಾತನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಪ್ರೆಸ್ಸಿನಲ್ಲೇ ಒಡೆದು ಓದಿದೆ. ಮೊದಲ ಸಾಲಿಗೆ ನಗು ಬಂತು. ಪುಟ ತಿರುಗಿಸುವಷ್ಟರಲ್ಲಿ ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಲ್ಲಬೇಕಾಯಿತು.

ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿದ್ದು ನಿಮ್ಮ ಬಾಯಿಯೊಳಗಿನ ಹೆಪ್ಪನ್ನು. ಕ್ಲಾಟ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಅಂತ ಯೋಚಿಸುತ್ತಿದ್ದೆ. ಹಾಲು ಕೂತರೂ ಹೆಪ್ಪು, ರಕ್ತ ಕೂತರೂ ಹೆಪ್ಪೇ ಅಲ್ಲವಾ ಅಂತ ಹೊಳೆದಾಗ ಬಹಳ ಖುಷಿಯಾಯಿತು. ಎಂ.ಎ. ಮಾಡಿದ್ದಕ್ಕೂ ಒಂದು ಪದ ಸಿಕ್ಕಿತು ಅಂತ ಕಾರ್ಡಿನಲ್ಲಿ ಬರೆದೆ. ಅದು ಹೋಗಿ ಇನ್ನೆಲ್ಲೋ ತಗುಲಿತು.

ಆ ದಿನ ನಿಮ್ಮ ಮುಖ ನೋಡಿ ಇಂಜೆಕ್ಷನ್ನಿಗೆ ಸಪ್ಪಗಾಗಿದ್ದೀರಿ ಅಂದುಕೊಂಡಿದ್ದೆ.

ಡಾಕ್ಟರನ್ನು ಕೇಳಿಕೊಂಡು ಬಂದೆ. ಇಷ್ಟು ದಿನಕ್ಕೆ ನೋವು, ವಾಸನೆ ಇಲ್ಲದಿದ್ದರೆ ಬಾಯಿಯ ಹೆಪ್ಪು ಸರಿಯಾಗಿ ಕೂತಿದೆ ಅಂತಲೇ ಅರ್ಥವಂತೆ. ಆದರೆ ಹೊಟ್ಟೆಗೆ ಹಾಕದಿದ್ದರೆ ಗಾಯ ಮಾಗುವುದಿಲ್ಲ, ಈ ವಯಸ್ಸಿನಲ್ಲಿ ತಲೆ ಸುತ್ತಿ ಬಿದ್ದರೆ ಹಲ್ಲಿನ ಡಾಕ್ಟರು ಸಾಲುವುದಿಲ್ಲ ಅಂದರು. ನೇತ್ರಾವತಿ ಅತ್ತೆ ಫೋನು ಮಾಡಿದ್ದರು. ನಿಮ್ಮ ಅಂಗಿಯ ಕಾಲರಿನಲ್ಲಿ ಎರಡು ಕತ್ತು ಹಿಡಿಯುತ್ತದೆ ಅಂದರು. ಅದು ತಮಾಷೆಗೆ ಹೇಳಿದ್ದಲ್ಲ.

ಪ್ಯಾಕೆಟ್ ಮೊಸರು ತಿನ್ನಿ ಅಂತ ನಿಮಗೆ ಹೇಳುವ ಧೈರ್ಯ ನನಗಿಲ್ಲ. ನನ್ನ ರೂಮಿನಲ್ಲಿ ಒಲೆಯೇ ಇಲ್ಲ, ನನ್ನ ಹತ್ತಿರವೂ ಅಜ್ಜಿಯ ಹೆಪ್ಪಿಲ್ಲ. ಶಾಲೆಯಿಂದ ಬಂದಾಗ ಅಜ್ಜಿ ಅಂಗೈ ಮೇಲೆ ಕೆನೆಮೊಸರು ಹಾಕಿ, ಮೇಲೆ ಒಂದು ಹರಳು ಬೆಲ್ಲ ಇಡುತ್ತಿದ್ದಳಲ್ಲ, ನೆಕ್ಕಿದ ಮೇಲೂ ಕೈಗೆ ವಾಸನೆ ಇರುತ್ತಿತ್ತು. ಇವತ್ತು ಕರಡು ತಿದ್ದುವಾಗ ಎರಡು ಸಲ ಕೈ ಮೂಸಿ ನೋಡಿಕೊಂಡೆ.

ಚಿಕ್ಕಜ್ಜಿಗೆ ನಾನು ಏನೂ ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಈ ಭಾನುವಾರ ಗುಬ್ಬಿಗೆ ಬರಲು ಆಗುವುದಿಲ್ಲ. ಸ್ವಲ್ಪ ಕೆಲಸವಿದೆ. ಅಲ್ಲಿಯವರೆಗೆ ಅಂಬಲಿಯನ್ನಾದರೂ ಕುಡಿಯಿರಿ, ನನಗೋಸ್ಕರ.

ಸಂಧ್ಯಾ


ಕುಣಿಗಲ್
23 ಡಿಸೆಂಬರ್ 2024

ತಾತ,

ಊರಿನ ಹೆಸರು ನೋಡಿ ಸಿಟ್ಟಾಗಬೇಡಿ, ಪೂರ್ತಿ ಓದಿ. ಚಿಕ್ಕಜ್ಜಿಯ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಒಳಗೆ ಅವಳು ಉಪ್ಪಿಟ್ಟು ಮಾಡುತ್ತಿದ್ದಾಳೆ.

ನಿನ್ನೆ ಮಧ್ಯಾಹ್ನವೇ ಬಂದೆ. ಆದರೆ ಬಾಗಿಲ ಹತ್ತಿರ ಬಂದಾಗಲೆಲ್ಲ ಕಾಲು ಮುಂದಕ್ಕೆ ಹೋಗಿಬಿಡುತ್ತಿತ್ತು. ಏನನ್ನಾದರೂ ಕೇಳಿ ಇಸಕೊಳ್ಳುವುದು ನನ್ನಿಂದ ಆಗದ ಕೆಲಸ, ನಿಮಗೆ ಗೊತ್ತು. ಕೆರೆ ಏರಿಯವರೆಗೆ ಹೋಗಿ ಕೂತು ಮತ್ತೆ ಬಂದೆ. ಕೊನೆಗೆ ಬಾಗಿಲಲ್ಲಿ ನಿಂತಾಗ ಒಳಗೆ ದೀಪ ಹಚ್ಚಿಯಾಗಿತ್ತು.

“ಯಾರದು, ಕಳ್ಳಿ ಹಂಗೆ ನಿಂತಿರೋದು?”

“ನಾನು ಚಿಕ್ಕಜ್ಜಿ, ಸಂಧ್ಯಾ.”

“ಗೊತ್ತು ಕಣೇ. ಆಗ್ಲಿಂದ ಬೀದಿ ಅಳೀತಾ ಇದ್ದೀಯ. ಯಾವಳೋ ಸೈಟು ನೋಡಾಕೆ ಬಂದವ್ಳೆ ಅಂದ್ಕಂಡಿದ್ದೆ. ಏನ್ ಬೇಕಿತ್ತು?”

“ಸ್ವಲ್ಪ ಹೆಪ್ಪು.”

“ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೇಳ್ತಾರೇನೇ? ನಿಮ್ಮಜ್ಜಿ ಇಷ್ಟೂ ಕಲಿಸ್ಲಿಲ್ವಾ? ಮನೆ ಲಕ್ಷ್ಮೀನ ಕತ್ಲಾದ ಮ್ಯಾಲೆ ಆಚೆ ಕಳ್ಸಲ್ಲ. ಕೈಕಾಲ್ ತೊಳ್ಕೊ, ಬೆಳಗ್ಗೆ ತಗೊಂಡೋಗು.”

ಹಾಗೆ ಉಳಿದುಕೊಂಡೆ. ಅವರೆಕಾಳಿನ ಸಾರು ಬಡಿಸುತ್ತಾ ಶುರು ಮಾಡಿದಳು.

“ಯಾರಿಗೆ ಹೆಪ್ಪು?”

“ನನಗೇ.”

“ರೂಮಲ್ಲಿ ಒಲೆ ಮಡಿಕ್ಕಂಡಿದ್ದೀಯಾ?”

“ಇಲ್ಲ.”

“ಮತ್ತೆ ಹಾಲು ಬಿಸ್ಲಲ್ಲಿ ಕಾಯಿಸ್ತೀಯಾ?” ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. “ಭಾವ ಕುಡಿಕೆ ಬಳುದ್ರಾ?”

ನಾನು ಬಾಯಿ ತೆರೆಯಲಿಲ್ಲ ತಾತ. ತಲೆಯನ್ನೂ ಆಡಿಸಲಿಲ್ಲ. ಮುದ್ದೆ ಮುರಿಯುತ್ತಾ ಕೂತೆ, ಅಷ್ಟೇ. ಅದನ್ನು ಅವಳು ಏನೆಂದು ಓದಿಕೊಂಡಳೋ ಅದಕ್ಕೆ ನಾನು ಹೊಣೆಯಲ್ಲ.

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. “ಈಗ ಬಳುದ್ರಾ? ಇಷ್ಟು ದಿನ ಮಡಗಿದ್ರಾ?” ಅಂತ ಕೇಳಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು. “ತಿಥಿ ದಿನ ಅವ್ರ ಮುಖ ನೋಡಿದ್ದೆ ಕಣೇ. ಗೋಡೆಗೆ ಒರಗಿಸಿದ ಚೀಲದಂಗೆ ಕೂತಿದ್ರು. ಆ ಮನುಷ್ಯಂಗೆ ಸಮಾಧಾನ ಹೇಳಿದ್ರೆ ಕೇಳಲ್ಲ, ಕಿವೀನೂ ಕೇಳಲ್ಲ. ಸಿಟ್ಟು ಬರ್ಸಿದ್ರೆ ಎದ್ದು ಕೂರ್ತಾರೆ. ಅದ್ಕೇ ಹಂಗಂದೆ. ಶ್ರಾವಣ ದಾಟ್ಸಿದ್ರೆ ಸಾಕು ಅಂದ್ಕಂಡಿದ್ದೆ.”

ಇನ್ನೊಂದು ವಿಷಯ ನಿಮಗೆ ಮರೆತಿದೆ ಅಂತ ಕಾಣುತ್ತದೆ. ಅವಳ ಹೆಪ್ಪೂ ಒಮ್ಮೆ ಹೋಗಿತ್ತಂತೆ, ಮೊದಲ ಬಾಣಂತನದಲ್ಲಿ. ತೌರಿನಲ್ಲಿ ಆಗ ಹೆಪ್ಪು ಹಾಕುವವರೇ ಉಳಿದಿರಲಿಲ್ಲವಂತೆ. ಅವಳ ಅತ್ತೆ ಬೀದಿಯವರ ಹತ್ತಿರ ಇಸಕೊಂಡು ಹಾಕಿದರಂತೆ, ಅವಳಿಗೆ ಇಳಿಯಲಿಲ್ಲವಂತೆ. ಗುಬ್ಬಿಗೆ ಕಾಗದ ಹಾಕಿಸಿದಾಗ ಅಜ್ಜಿ ಡಬ್ಬಿ ಕಟ್ಟಿಕೊಟ್ಟಳು, ಬೆಳಗಿನ ಬಸ್ಸಿಗೆ ಹೋಗಿ ಕಂಡಕ್ಟರನ ಕೈಗಿಟ್ಟವರು ನೀವು. “ಸರ್ಕಾರಿ ಸಾಮಾನು, ಅಲ್ಲಾಡಿಸಬ್ಯಾಡ ಅಂತ ಹೇಳಿ ಕಳ್ಸಿದ್ರಂತೆ ನಿಮ್ ತಾತ” ಅಂದಳು. ಹಾಗಾಗಿ ಇಲ್ಲಿರುವುದು ಅಜ್ಜಿಯ ಕುಡಿಕೆಯದೇ. “ಹೆಪ್ಪು ಯಾರ್ ಮನೇಲಿ ಹೋಗಲ್ಲ ಹೇಳು. ಹೋದಾಗ ಕೇಳಾಕೆ ಒಂದ್ ಮನೆ ಇರ್ಬೇಕು ಅಷ್ಟೇಯ.”

ಇಗೋ, ಡಬ್ಬಿ ತಂದಿಟ್ಟಳು. ಮೇಲೆ ದೃಷ್ಟಿಗೆ ಒಂದು ಒಣಮೆಣಸಿನಕಾಯಿ ಇಟ್ಟು ಬಟ್ಟೆ ಕಟ್ಟಿದ್ದಾಳೆ. ಬಸ್ಸಿನಲ್ಲಿ ನಾನೇ ಹಿಡಿದುಕೊಂಡು ಹೋಗುತ್ತೇನೆ. ಸಂಜೆ ಮಾವ ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿ ಕೆಲಸ ಮುಗಿಸಿ ಬರುವಾಗ ಬಸ್‌ಸ್ಟಾಂಡಿನಲ್ಲಿ ಡಬ್ಬಿಯನ್ನೂ ಈ ಕಾಗದವನ್ನೂ ಕೊಡುತ್ತೇನೆ. ಸ್ಟಾಂಪು ಅಂಟಿಸಿಲ್ಲ, ಕ್ಷಮಿಸಿ.

ಸಂಧ್ಯಾ


ಗುಬ್ಬಿ
29 ಡಿಸೆಂಬರ್ 2024

ಚಿ. ಸಂಧ್ಯಾಳಿಗೆ ಆಶೀರ್ವಾದ.

ಡಬ್ಬಿ ತಲುಪಿತು. ರಂಗನಾಥ ಅದನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದನಂತೆ. ಪಕ್ಕದವರು ಹಾವೇನಾದರೂ ಇದೆಯೇ ಎಂದು ಎದ್ದು ನಿಂತರಂತೆ.

ನೀನು ಮಾತು ಉಳಿಸಿಕೊಂಡೆಯೋ ಮುರಿದೆಯೋ, ಆ ವಿಚಾರಣೆ ಆಮೇಲೆ. ಮೊದಲು ಒಂದು ತಿದ್ದುಪಡಿ. ‘ಸರ್ಕಾರಿ ಸಾಮಾನು’ ಎಂದು ನಾನು ಹೇಳಿಲ್ಲ. ‘ಬಾಣಂತಿ ಸಾಮಾನು’ ಎಂದಿದ್ದೆ. ಇಲಾಖೆಯ ಹೆಸರಿನಲ್ಲಿ ಸುಳ್ಳು ಹೇಳುವವನಲ್ಲ. ಕಂಡಕ್ಟರ್ ನಕ್ಕು ಅದನ್ನು ತನ್ನ ಸೀಟಿನ ಮೇಲಿಟ್ಟು, ತಾನು ಕುಣಿಗಲ್ಲಿನವರೆಗೆ ನಿಂತೇ ಹೋದನಂತೆ. ಮರೆತಿರಲಿಲ್ಲ. ಆದರೆ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಆ ರಾತ್ರಿಯೇ ಹಾಲು ಕಾಯಿಸಿದೆ. ಚಳಿಗೆ ಕಂಬಳಿ ಸುತ್ತಿಟ್ಟೆ. ಬೆಳಗ್ಗೆ ನೋಡಿದರೆ ಕೂತಿರಲಿಲ್ಲ, ನೀರುನೀರು. ತಟ್ಟೆ ಎತ್ತುವುದು, ನೋಡುವುದು, ಮುಚ್ಚುವುದು. ಕೊನೆಗೆ ನೇತ್ರಾವತಿ ಬಂದು ಕೈ ಹಿಡಿದಳು. “ತೆಗ್ದು ತೆಗ್ದು ನೋಡ್ಬಾರ್ದು ಅಂತ ಸಂಧ್ಯಾ ಬರ್ದಿಲ್ವಾ ಮಾವ? ಇದೂ ಹಂಗೇಯ.” ಫ್ರಿಜ್ಜಿನ ಬಾಗಿಲು ತೋರಿಸಿದಳು. ಸುಮ್ಮನೆ ಹೊರಗೆ ಬಂದು ಬಿಸಿಲಿಗೆ ಕೂತೆ. ಮಧ್ಯಾಹ್ನಕ್ಕೆ ಕೂತಿತ್ತು. ಅನ್ನ ಕಲೆಸಿಕೊಂಡು ಬಲಗಡೆಯಿಂದ ತಿಂದೆ. ನೇತ್ರಾವತಿ ಎರಡನೆಯ ಸಲ ಬಡಿಸಿದಳು, ಬೇಡವೆನ್ನಲಿಲ್ಲ. ಅವಳೂ ಒಂದು ಚಮಚ ಅಂಗೈಗೆ ಹಾಕಿಸಿಕೊಂಡಳು.

ಊಟವಾದ ಮೇಲೆ ಉಪ್ಪುನೀರು ಬಿಡುತ್ತಿದ್ದೇನೆ. ಗುಳಿ ಮೆತ್ತಗೆ ಕೂಡಿಕೊಳ್ಳುತ್ತಿದೆ. ನಾಲಿಗೆ ಈಗಲೂ ಅಲ್ಲಿಗೆ ಹೋಗುತ್ತದೆ. ಹೋಗಲಿ ಎಂದು ಬಿಟ್ಟಿದ್ದೇನೆ.

ಹೊಂಬಾಳಮ್ಮನಿಗೆ ಒಂದು ಕಾರ್ಡು ಹಾಕಿದೆ. ಬರೆಯಲು ಹೊರಟದ್ದು ಬಹಳ ಇತ್ತು. ಕೊನೆಗೆ ಉಳಿದದ್ದು ಇಷ್ಟು: ‘ತಲುಪಿತು. ಬಳಿದಿಲ್ಲ.’

ನಿನ್ನೆ ಸಂಜೆ ಗಂಗಹನುಮಯ್ಯನ ಸೊಸೆ ಬಟ್ಟಲು ಹಿಡಿದುಕೊಂಡು ಬಂದಳು. ಅವರ ಮನೆಯಲ್ಲಿ ಬೆಕ್ಕು ಮೊಸರಿನ ಪಾತ್ರೆ ಉರುಳಿಸಿತಂತೆ, ಸ್ವಲ್ಪ ಹೆಪ್ಪು ಬೇಕಂತೆ. ಕೊಡಲು ಒಳಗೆ ಹೋದೆ. ದೇವರ ಮುಂದೆ ದೀಪ ಉರಿಯುತ್ತಿತ್ತು. ಬರಿಗೈಯಲ್ಲಿ ಹೊರಗೆ ಬಂದು, “ಬೆಳಗ್ಗೆ ಬಾರಮ್ಮ, ತೆಗೆದಿಟ್ಟಿರುತ್ತೇನೆ” ಅಂದೆ.

ಇಂತು
ಚಿಕ್ಕರಂಗಯ್ಯ